ಸೀಮೆಸುಣ್ಣದ ಶಾಸನ

ಶಾಲು ಹೊದಿಸಿಕೊಳ್ಳುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಹೊದಿಸುವವರಿಗೆ ನಿಮ್ಮ ಹೆಸರು ನೆಟ್ಟಗೆ ಗೊತ್ತಿರುವುದಿಲ್ಲ, ಹೊದಿಸಿಕೊಂಡ ನಿಮಗೆ ಬೆವರು. ಆದರೂ ಹೋದ ಶ್ರಾವಣದಲ್ಲಿ ಯಲಬುರ್ಗಾ ತಾಲ್ಲೂಕಿನ ಆ ಊರಿಗೆ ಹೋದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಈ ಬರಹವನ್ನೂ ಕತ್ತರಿಸಿ ಬ್ಯಾನರಿಗೆ ಅಂಟಿಸಿಕೊಳ್ಳುವ ಜನ ಅವರು. "ನಮ್ಮೂರ ಶಾಸನ ಕಂಡುಹಿಡಿದ ತಂಡದಾಗ ಉಳಿದವ್ರು ನೀವೊಬ್ರ ಅದೀರಿ ಮೇಡಮ್, ಬರಾಕ ಬೇಕ್ರಿ. ಹಳೇ ಕಾಗದ-ಪತ್ರ ಏನರ ಇದ್ರ ಪ್ರದರ್ಶನಕ್ಕ ತರ್ರಿ" ಎಂದು ಕಮಿಟಿಯವರು ಮುನಿರಾಬಾದಿನ ನಮ್ಮ ಮನೆಗೇ ಕಾರು ಕಳಿಸಿದರು. ಕಂಡುಹಿಡಿದದ್ದಂತೆ! ಸಾವಿರ ವರ್ಷದಿಂದ ಕೆರೆಯ ಏರಿಯ ಮೇಲೆ ನಿಂತೇ ಇದ್ದ ಕಲ್ಲು. ನಮಗಿಂತ ಮೊದಲು ಊರಿನ ಎಮ್ಮೆಗಳು ಅದಕ್ಕೆ ಮೈ ಉಜ್ಜಿಕೊಂಡಿದ್ದವು. ಅವಕ್ಕೆ ಯಾರೂ ಶಾಲು ಹೊದಿಸಿದ್ದನ್ನು ನಾನು ಕೇಳಿಲ್ಲ.

ಕಾರಿನಿಂದ ಇಳಿದ ಕೂಡಲೇ ಮೂಗಿಗೆ ಬಂದದ್ದು ಆ ವಾಸನೆ. ದೀಪದ ಮಸಿ, ಅಂಟು, ಒದ್ದೆ ಕಾಗದ, ಮೂರೂ ಕೂಡಿದ್ದು. ಗಡ್ಡ ಬಿಟ್ಟ ಸಂಶೋಧಕನೊಬ್ಬ ಕಲ್ಲಿಗೆ ಹಸಿ ಕಾಗದ ಮೆತ್ತಿ, ಬ್ರಷ್ಷಿನಿಂದ ಪಟಪಟನೆ ಬಡಿದು, ಮಸಿಯ ಉಂಡೆ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದ. ಒಂದು ಕಾಲಕ್ಕೆ ನನ್ನ ಕೈಯ ಕೆಲಸ ಅದು. ಹತ್ತಿರ ಹೋಗಿ ನೋಡಿದೆ. ಮೊದಲ ಮೂರು ಸಾಲು ನನಗೆ ಗೊತ್ತಿದ್ದವೇ. ನಾಲ್ಕನೆಯ ಸಾಲಿಗೆ ಬಂದಾಗ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಆ ಸಾಲು ನನ್ನ ಕೈಬರಹದಲ್ಲಿತ್ತು. ಕುಷ್ಟಗಿಯ ಶಾಲೆಯಲ್ಲಿ ಅಕ್ಷರ ತಿದ್ದುವಾಗಿನಿಂದ ನನಗೊಂದು ಚಟ: ಅಕ್ಷರದ ಕೊನೆಯನ್ನು ಸಣ್ಣಗೆ ಮೇಲಕ್ಕೆ ಕೊಕ್ಕೆ ಹಾಕಿ ಬಿಡುವುದು. ಆ ಕೊಕ್ಕೆಗಳೆಲ್ಲ ಕಲ್ಲಿನಲ್ಲಿ ಅರ್ಧ ಬೆರಳಿನಷ್ಟು ಆಳಕ್ಕೆ ಇಳಿದಿದ್ದವು.

ಜಿಲ್ಲೆ ಹುಟ್ಟಿದ ಮರುವರ್ಷ, ಅಂದರೆ ತೊಂಬತ್ತೆಂಟರ ಮಳೆಗಾಲ. ರಾಯಚೂರಿನಿಂದ ಬಿಡಿಸಿಕೊಂಡು ಕೊಪ್ಪಳ ಹೊಸ ಜಿಲ್ಲೆಯಾಗಿತ್ತು. ಹೊಸದಾಗಿ ಮನೆ ಕಟ್ಟಿದವರು ಹಳೆಯ ಮಣೆಗಾಗಿ ಹುಡುಕುವಂತೆ ಎಲ್ಲರೂ ಇತಿಹಾಸ ಹುಡುಕುತ್ತಿದ್ದರು. ನಾನು ಎಂ.ಎ. ಮುಗಿಸಿ ಒಂದು ವರ್ಷದ ಶಾಸನ ಸಮೀಕ್ಷೆಗೆ ತಾತ್ಕಾಲಿಕ ಸಹಾಯಕಿಯಾಗಿ ಸೇರಿದ್ದೆ. ಸಮೀಕ್ಷೆಯ ಮುಖ್ಯಸ್ಥರು ನಮ್ಮ ಪ್ರೊಫೆಸರ್. ಅವರನ್ನು ಸರ್ ಎನ್ನುತ್ತಿದ್ದೆವು, ಇಲ್ಲಿಯೂ ಅಷ್ಟೇ ಸಾಕು. ಸರ್ ಶಾಸನದ ಮುಂದೆ ಬಗ್ಗಿದ್ದನ್ನು ನಾನು ನೋಡಲೇ ಇಲ್ಲ. ಅವರ ಪ್ಯಾಂಟಿನ ಗೆರೆ ಯಾವತ್ತೂ ಮುರಿಯಲಿಲ್ಲ. ಕಲ್ಲು ತೊಳೆಯುವವಳು ನಾನು, ಕಾಗದ ಬಡಿಯುವವಳು ನಾನು, ಮಸಿ ಒತ್ತುವವಳು ನಾನು. ಅಚ್ಚು ಒಣಗಿದ ಮೇಲೆ ಸರ್ ಜೀಪಿನಿಂದ ಇಳಿದು, ಕನ್ನಡಕ ಏರಿಸಿ, "ಹ್ಞಾಂ, ನಾನು ಊಹಿಸಿದಂತೆಯೇ ಇದೆ" ಎನ್ನುತ್ತಿದ್ದರು. ಒಮ್ಮೆ ಗಂಗಾವತಿ ಕಡೆ ಮರಳಿ ಎಂಬ ಊರಿನ ಹತ್ತಿರ ಗದ್ದೆಯ ಬದುವಿನಲ್ಲಿ ಅಕ್ಷರವೇ ಇಲ್ಲದ ಗಡಿಕಲ್ಲನ್ನು ಯಾರೋ ತಲೆಕೆಳಗೆ ಒರಗಿಸಿ ನಿಲ್ಲಿಸಿದ್ದರು. ಅದಕ್ಕೂ ಸರ್ ಹಾಗೆಯೇ ಅಂದರು.

ಯಲಬುರ್ಗಾದ ಈ ಊರಿನಲ್ಲಿ ನಮಗೆ ಉಳಿಯಲು ಗೌಡರ ಮನೆ. ಗೌಡರು ಊಟಕ್ಕೆ ಎಂದೂ ಕೊರತೆ ಮಾಡಲಿಲ್ಲ: ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು. ಸರ್ ಮೂರು ದಿನದ ಕೆಲಸವನ್ನು ಮೂರು ವಾರಕ್ಕೆ ಎಳೆದದ್ದು ಆ ಮೊಸರಿನಿಂದ ಎಂದೇ ಈಗಲೂ ನಂಬಿದ್ದೇನೆ. ಹೊರಗೆ ಜಿಟಿಜಿಟಿ ಮಳೆ, ಎರೆಹೊಲದ ಕೆಸರು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಬೀಸುವ ಕಲ್ಲಿನಷ್ಟು ಭಾರವಾಗುತ್ತಿತ್ತು.

ಕಲ್ಲು ಇದ್ದದ್ದು ಕೆರೆಯ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ. ತೂಬು ಅಂದರೆ ಕೆರೆಯ ನೀರನ್ನು ಹೊಲಕ್ಕೆ ಬಿಡುವ ಕಿಂಡಿ. ಆ ಕಿಂಡಿಯನ್ನು ತೆರೆದು ಮುಚ್ಚುವ, ಏರಿ ಸೋರದಂತೆ ಕಾಯುವ ಕೆಲಸ ಒಂದೇ ಮನೆತನದ್ದು. ಅವರಿಗೆ ತೂಬಿನವರು ಎಂದೇ ಹೆಸರು. ಹೊಲ ಅಷ್ಟಕ್ಕಷ್ಟೆ, ಕುರಿ ಒಂದಷ್ಟು, ಉಳಿದ ದಿನ ಕೂಲಿ. ಆದರೆ ಒಂದು ಮರ್ಯಾದೆ ಮಾತ್ರ ಊರಿನಲ್ಲಿ ಯಾರಿಗೂ ಇಲ್ಲದ್ದು ಅವರಿಗಿತ್ತು. ಕೆರೆ ತುಂಬಿ ಕೋಡಿ ಬಿದ್ದ ವರ್ಷ ನೀರಿನ ದೇವಿ ಗಂಗವ್ವನಿಗೆ ಮೊದಲ ಉಡಿ ತುಂಬುವವಳು ಆ ಮನೆಯ ಹಿರಿಯ ಹೆಂಗಸು. ಅಕ್ಕಿ, ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ನೀರಿಗೆ ಬಿಟ್ಟು ಅವಳು ಕೈಮುಗಿದ ಮೇಲೆಯೇ ಊರಿನ ಉಳಿದ ಹೆಂಗಸರು, ಗೌಡರ ಮನೆಯವರೂ ಸೇರಿ. ಆಗ ಆ ಹಿರಿಯ ಹೆಂಗಸು ಯಲ್ಲವ್ವ. ನಲವತ್ತೈದರ ಆಸುಪಾಸು, ಗಂಡಸಿನಂಥ ಹೆಗಲು, ಬಾಯಿ ತೆರೆದರೆ ಏರಿಯ ಆ ತುದಿಗೆ ಕೇಳಬೇಕು.

ಕಲ್ಲಿನ ಮೇಲೆ ತಲೆಮಾರುಗಳ ಎಣ್ಣೆ, ಸುಣ್ಣ, ಕುಂಕುಮ ಗಟ್ಟಿಯಾಗಿ ಕೂತಿತ್ತು. ಸೋಡಾ ಪುಡಿ ಹಾಕಿ ತಿಕ್ಕಲು ಹೋದೆ. ಯಲ್ಲವ್ವ ಬಂದು ನನ್ನ ಕೈಯ ಬ್ರಷ್ ಕಿತ್ತುಕೊಂಡಳು.

"ಏನ್ ಪಾತ್ರಿ ತಿಕ್ಕಾಕ ಹತ್ತೀಯೇನ ತಂಗಿ? ಕಲ್ಲು ನೋಯ್ತೈತಿ. ಸರಿ ಅತ್ಲಾಗ."

ಹುಣಸೆಹಣ್ಣು ನೆನೆಸಿ, ಬೂದಿ ಕಲಸಿ, ಹಳೆಯ ಸೀರೆಯ ತುಂಡಿನಿಂದ ಎರಡು ದಿನ ಒರೆಸಿದಳು. ಕೂಸಿಗೆ ಎರೆಯುವವರು ಹಾಗೆ ಒರೆಸುತ್ತಾರೆ. ಅಕ್ಷರಗಳು ಒಂದೊಂದೇ ಮೇಲೆ ಬಂದವು. ಆ ಕಲ್ಲನ್ನು ಯಾರಾದರೂ ಕಂಡುಹಿಡಿದಿದ್ದರೆ ಅವಳು. ಅವಳ ಹೆಸರು ನಮ್ಮ ವರದಿಯಲ್ಲಿ ಎಲ್ಲಿಯೂ ಇಲ್ಲ. "ಸ್ಥಳೀಯರ ಸಹಕಾರ" ಎಂದು ಒಂದು ಮಾತಿದೆ. ಆ ಮಾತು ಬರೆದವಳೂ ನಾನೇ.

"ಏನ್ ಬರದಾರವಾ ಅದರಾಗ?" ಎಂದು ಕೇಳಿದಳು.

"ಇನ್ನೂ ಓದಬೇಕವ್ವಾ."

ನಾಲ್ಕನೆಯ ಸಾಲು ಬರಿಗಣ್ಣಿಗೆ ಕಾಣದಷ್ಟು ಸವೆದಿತ್ತು. ಆದರೆ ಒದ್ದೆ ಕಾಗದ ಕಣ್ಣಿಗಿಂತ ಚುರುಕು. ಎಷ್ಟು ಸಣ್ಣ ತಗ್ಗು ಇದ್ದರೂ ಅದರೊಳಗೆ ಇಳಿದು ಹಿಡಿದುಕೊಳ್ಳುತ್ತದೆ. ಎರಡು ಅಚ್ಚು ತೆಗೆದೆ. ಒಣಗಿದ ಮೇಲೆ ಕಾಗದದ ಬೆನ್ನಿಗೆ ಬೆರಳಾಡಿಸುತ್ತ ಹೋದೆ. ಅನುಮಾನವೇ ಇರಲಿಲ್ಲ. ಕೆರೆಯನ್ನು ಕಟ್ಟಿಸಿ ತೂಂಬನ್ನು ಇಕ್ಕಿಸಿದವಳು ಸೋವಬ್ಬೆ, ತೂಂಬು ಕಾಯುವ ಮನೆಯವಳು. ಅಷ್ಟು ಹಿಂದೆ ಒಬ್ಬ ಹೆಣ್ಣುಮಗಳು ಕೆರೆ ಕಟ್ಟಿಸಿದ್ದಾಳೆ, ಅವಳ ಮನೆತನದವರು ಇವತ್ತಿಗೂ ಅದೇ ತೂಬಿನ ಬುಡದಲ್ಲಿ ಕೂತಿದ್ದಾರೆ! ಖುಷಿಯಿಂದ ನನಗೆ ಊಟ ಸೇರಲಿಲ್ಲ. ಯಲ್ಲವ್ವನಿಗೆ ಆಗಲೇ ಓಡಿಹೋಗಿ ಹೇಳಬೇಕಿತ್ತು. ಸರ್‌ಗೆ ಮೊದಲು ಹೇಳಬೇಕು ಎಂಬ ಶಿಸ್ತು ಅಡ್ಡ ಬಂತು. ಶಿಸ್ತು ಅಂತ ಆಗ ಕರೆಯುತ್ತಿದ್ದೆ.

ಸರ್ ಅಚ್ಚನ್ನು ನೋಡಿ ಹಲ್ಲು ಕಡ್ಡಿಯಿಂದ ಕೆದಕುತ್ತ ಕೂತರು. ಆಮೇಲೆ ಹೇಳಿದರು:

"ನೋಡಮ್ಮ, ಹೆಣ್ಣುಮಗಳೊಬ್ಬಳು ಕೆರೆ ಕಟ್ಟಿಸಿದಳು ಎಂದರೆ ಅದರಲ್ಲಿ ಸಂಶೋಧನೆ ಏನು ಬಂತು? ಈ ಸಾಲು ಸವೆದಿದೆ. ಪುನಾರಚನೆ ಮಾಡಬೇಕು. ಇಲ್ಲಿ ಒಬ್ಬ ಗಾವುಂಡನ ಹೆಸರು ಇರಬೇಕು ಅನಿಸುತ್ತದೆ."

ಗಾವುಂಡ ಎಂದರೆ ಆ ಕಾಲದ ಗೌಡ. ಸರ್‌ಗೆ ಹಾಗೆ ಅನ್ನಿಸಿದ್ದು ಹಿಂದಿನ ದಿನದ ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ. ಜಿಲ್ಲೆಯ ಇತಿಹಾಸ ಸಮ್ಮೇಳನವನ್ನು ನಮ್ಮೂರಲ್ಲೇ ಮಾಡಿಸುತ್ತೇನೆ, ಸರ್ ಬರೆದ ಗ್ರಂಥವನ್ನು ನಾನೇ ಅಚ್ಚು ಹಾಕಿಸುತ್ತೇನೆ ಎಂದು ಗೌಡರು ಮಾತು ಕೊಟ್ಟಿದ್ದರು. ಜತೆಗೆ ಮೊಸರು ಬಡಿಸುತ್ತ ಒಂದು ಮಾತು ಸೇರಿಸಿದ್ದರು. "ಈ ಕೆರಿ ನಮ್ಮ ಹಿರೇರು ಕಟ್ಟಿಸಿದ್ದು ಅಂತ ನಮ್ಮಜ್ಜ ಹೇಳತಿದ್ದರಿ ಸರ್. ಬರೇ ಬಾಯಿ ಮಾತಾತು. ಕಲ್ಲಿನಾಗ ಸಿಕ್ಕರ ಒಂದು ತೂಕ ನೋಡ್ರಿ."

ಶಾಸನದ ಫೋಟೋ ತೆಗೆಯುವಾಗ ನಮ್ಮವರದೊಂದು ಪದ್ಧತಿ. ತಗ್ಗಿನ ಅಕ್ಷರ ಫೋಟೋದಲ್ಲಿ ಮೂಡುವುದಿಲ್ಲ ಎಂದು ಒಳಗೆಲ್ಲ ಸೀಮೆಸುಣ್ಣ ತುಂಬುತ್ತಾರೆ. ಕಪ್ಪು ಕಲ್ಲಿನ ಮೇಲೆ ಬಿಳಿ ಅಕ್ಷರ ಎದ್ದು ಕಾಣುತ್ತದೆ, ನೋಡಿದವರು ಓದಿಯೇಬಿಡುತ್ತಾರೆ. ಆದರೆ ಸುಣ್ಣ ತುಂಬುವವರು ಕಂಡದ್ದಕ್ಕೆ ಮಾತ್ರ ತುಂಬಬೇಕಲ್ಲ? ಅದನ್ನು ಯಾರು ನೋಡುತ್ತಾರೆ! ಫೋಟೋದಲ್ಲಿ ಬಿಳಿ ಗೆರೆ ಕಾಣುತ್ತದೆಯೇ ಹೊರತು ಅದರ ಕೆಳಗೆ ತಗ್ಗಿದೆಯೋ ಇಲ್ಲವೋ ಕಾಣುವುದಿಲ್ಲ. ಹೀಗೆ ಎಷ್ಟು ರಾಜರು ಸೀಮೆಸುಣ್ಣದಲ್ಲಿ ಹುಟ್ಟಿ ಗ್ರಂಥಗಳಲ್ಲಿ ಆಳುತ್ತಿದ್ದಾರೋ ಆ ಗ್ರಂಥ ಬರೆದವರಿಗೇ ಗೊತ್ತು.

ಸರ್ ಚೀಟಿಯಲ್ಲಿ ಒಂದು ಸಾಲು ಬರೆದು ಕೊಟ್ಟರು. ಗೌಡರ ಮನೆತನದ ಹೆಸರು ಹೊತ್ತ ಗಾವುಂಡನೊಬ್ಬ ಕೆರೆ ಕಟ್ಟಿಸಿ ತೂಂಬನ್ನಿಕ್ಕಿಸಿದ ಎಂದು. "ಹಳೆಯ ಲಿಪಿ ನಿನ್ನ ಕೈಯಲ್ಲಿ ಚೆನ್ನಾಗಿ ಕೂತಿದೆ. ತುಂಬಿಬಿಡು. ಬರುವ ವರ್ಷ ಕಾಯಂ ಹುದ್ದೆ ಬರುತ್ತದೆ, ನಿನ್ನ ಹೆಸರು ನನ್ನ ತಲೆಯಲ್ಲಿದೆ" ಎಂದರು.

ತುಂಬಿದೆ. ಕೈ ನಡುಗಿತು, ಕಣ್ಣು ತುಂಬಿತು ಎಂದು ಬರೆದರೆ ಓದುವವರಿಗೆ ಹಿತ. ಹಾಗೇನೂ ಆಗಲಿಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು, ಕಲ್ಲು ಒಣಗಿತ್ತು, ಸುಣ್ಣ ಚೆನ್ನಾಗಿ ಹಿಡಿಯಿತು. ಅಕ್ಷರ ಚಂದ ಬಂತಲ್ಲ ಎಂದು ಒಳಗೊಳಗೆ ಹೆಮ್ಮೆ ಬೇರೆ. ನನ್ನ ಕೊಕ್ಕೆಗಳನ್ನು ಹಾಕಬಾರದು ಎಂದು ಸಹ ಹೊಳೆಯಲಿಲ್ಲ. ಫೋಟೋ ಆಯಿತು. ಮರುದಿನ ಬಂದ ಮಳೆಗೆ ಸುಣ್ಣ ತೊಳೆದುಹೋಯಿತು. ಸರ್ ಒಂದು ಅಚ್ಚನ್ನು "ಮಸುಕಾಗಿದೆ" ಎಂದು ಹರಿದು ಎಸೆದರು. ಇನ್ನೊಂದು ನನ್ನ ಚೀಲದಲ್ಲಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಆ ವರ್ಷ ಕೆರೆ ತುಂಬಿ ಕೋಡಿ ಬಿತ್ತು. ಉಡಿ ತುಂಬುವ ದಿನ ಬೆಳಿಗ್ಗೆ ಊರ ಜನ ಏರಿಯ ಮೇಲೆ ಸೇರಿದಾಗ ಗೌಡರು ಆ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಿ ನಿಲ್ಲಿಸಿದ್ದರು. ಕೆರೆ ಕಟ್ಟಿಸಿದವರ ಮನೆಯ ಹೆಂಗಸು ಮೊದಲ ಉಡಿ ತುಂಬುವುದು ನ್ಯಾಯ ಎಂದು ಸರ್ ಎದ್ದು ನಿಂತು ಭಾಷಣ ಮಾಡಿದರು. ನ್ಯಾಯವಂತೆ. ಯಲ್ಲವ್ವ ಉಡಿಯ ಸಾಮಾನಿನ ಬಿದಿರು ಪುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಸರ್ ಕಡೆ ನೋಡಲಿಲ್ಲ, ಗೌಡರ ಕಡೆ ನೋಡಲಿಲ್ಲ. ಜನರನ್ನು ಸರಿಸಿಕೊಂಡು ನೆಟ್ಟಗೆ ನನ್ನ ಮುಂದೆ ಬಂದಳು.

"ತಂಗಿ, ಕಲ್ಲಿಗೆ ಕಾಗದ ಹಚ್ಚಿ ಬಡದಾಕಿ ನೀನು. ನೀ ಹೇಳು. ನಮ್ಮ ಮನೀದು ಏನೂ ಇಲ್ಲೇನ ಅದರಾಗ?"

ಸಾವಿರ ವರ್ಷದ ಸೋವಬ್ಬೆ ನನ್ನ ಚೀಲದಲ್ಲಿ ಮಡಚಿಕೊಂಡು ಕೂತಿದ್ದಳು.

"ಸರ್ ಹೇಳಿದ್ದ ಖರೇ ಐತ್ರಿ ಯವ್ವಾ" ಎಂದೆ.

"ಹಂಗಾರ ಆತು ಬಿಡು" ಎಂದಳು. ಜಗಳ ಮಾಡುತ್ತಾಳೆ ಎಂದು ಎಲ್ಲರೂ ಕಾದಿದ್ದರು. ಅವಳು ಪಕ್ಕಕ್ಕೆ ಸರಿದು ನಿಂತಳು. ಗೌಡರ ಹೆಂಡತಿ ಮೊದಲ ಉಡಿ ತುಂಬಿದಳು, ಆಮೇಲೆ ಅವರ ಬಳಗ, ಆಮೇಲೆ ಊರು. ಯಲ್ಲವ್ವ ಎಲ್ಲರಿಗಿಂತ ಕೊನೆಗೆ ನೀರಿಗಿಳಿದಳು.

ಕಾಯಂ ಹುದ್ದೆ ಸರ್ ಅವರ ತಮ್ಮನ ಮಗನಿಗೆ ಹೋಯಿತು. ಅಯ್ಯೋ, ಎಂಥ ಆಶ್ಚರ್ಯ! ನಾನು ಹೈಸ್ಕೂಲು ಮಾಸ್ತರಿಕೆಗೆ ಸೇರಿ, ನೀರಾವರಿ ಇಲಾಖೆಯವರನ್ನು ಮದುವೆಯಾಗಿ, ಮುನಿರಾಬಾದಿನ ಕಾಲನಿ ಸೇರಿದೆ. ಸರ್ ಬಿರುದು-ಬಾವಲಿ ಎಲ್ಲ ಹೊತ್ತು, ಪ್ಯಾಂಟಿನ ಗೆರೆ ಮುರಿಯದಂತೆಯೇ ತೀರಿಕೊಂಡರು. ಅಚ್ಚು ನನ್ನ ಟ್ರಂಕಿನ ತಳದಲ್ಲಿ ಉಳಿಯಿತು. ಹರಿಯದೆ ಇಟ್ಟಿದ್ದೇನಲ್ಲ, ನಾನು ಅವರಂಥವಳಲ್ಲ ಎಂದು ಇಪ್ಪತ್ತೈದು ವರ್ಷ ಸಮಾಧಾನ ಮಾಡಿಕೊಂಡೆ. ಬಚ್ಚಿಡುವುದನ್ನೇ ಪ್ರಾಮಾಣಿಕತೆ ಅಂದುಕೊಂಡವಳು ನಾನು. ಸರ್ ಕನಿಷ್ಠ ಹರಿದು ಎಸೆದರು.

ಈಗ ಮತ್ತೆ ಆ ಕಲ್ಲಿನ ಮುಂದೆ. ಕಮಿಟಿಯ ಅಧ್ಯಕ್ಷ, ಗೌಡರ ಮಗ, ಹಲ್ಲು ಕಿಸಿದು ನನಗೆ ತಿಳಿಸಿ ಹೇಳಿದ. "ಅಕ್ಷರ ಅಳಿಸಿ ಹೋಗಾಕತ್ತಿದ್ವರಿ ಮೇಡಮ್. ಅದಕ್ಕ ನಿಮ್ಮ ಸರ್ ಬುಕ್ಕಿನಾಗಿನ ಫೋಟೋ ತೋರಿಸಿ, ಕಲ್ಲು ಕೆತ್ತೋರನ್ನ ಕರೆಸಿ, ಅದರ ಮ್ಯಾಲ ಛಲೋತಂಗ ಆಳ ಕೊರಿಸೀವ್ರಿ. ಇನ್ನೂ ಸಾವಿರ ವರ್ಷ ಚಿಂತಿಲ್ಲ." ಕಲ್ಲಿನ ನೆತ್ತಿಯ ಸೂರ್ಯ-ಚಂದ್ರರಿಗೂ ಪೇಂಟು ಬಳಿಸಿದ್ದ, ಕಿನ್ನಾಳದ ಗೊಂಬೆಯವರೂ ಅಷ್ಟು ಬಣ್ಣ ಬಳಿಯಲಾರರು. ನನ್ನ ಸೀಮೆಸುಣ್ಣದ ಗೆರೆಯ ಮೇಲೆ ಉಳಿ ಓಡಿತ್ತು. ಸೋವಬ್ಬೆ ಆ ಉಳಿಯ ಪುಡಿಯಲ್ಲಿ ಹೋಗಿದ್ದಳು.

ಗಡ್ಡದ ಸಂಶೋಧಕ ಅಚ್ಚನ್ನು ಬಿಸಿಲಿಗೆ ಹಿಡಿದು ಬೀಗುತ್ತಿದ್ದ. ತಾನು ಬರೆಯುತ್ತಿರುವ ಪ್ರಬಂಧವೇ ನಾಲ್ಕನೆಯ ಸಾಲಿನ ಮೇಲಂತೆ. "ಅಕ್ಷರದ ಕೊನೆಗೆ ಈ ಕೊಕ್ಕೆ ನೋಡಿ ಮೇಡಮ್. ಬೇರೆ ಯಾವ ಶಾಸನದಲ್ಲೂ ಇಲ್ಲ. ಯಲಬುರ್ಗಾ ಪರಿಸರದಲ್ಲಿ ಪ್ರತ್ಯೇಕವಾದ ಒಂದು ಲಿಪಿ ಪರಂಪರೆಯೇ ಇದ್ದಿರಬೇಕು."

"ಪರಂಪರೆ ಅಲ್ಲಪ್ಪ, ಅದು ನಾನು" ಎಂದೆ. ಪ್ರದರ್ಶನಕ್ಕೆಂದು ಟ್ರಂಕಿನಿಂದ ತಂದಿದ್ದ ನನ್ನ ಹಳೆಯ ಅಚ್ಚನ್ನು ಚೀಲದಿಂದ ತೆಗೆದು ಬಿಚ್ಚಿ ತೋರಿಸಿ ಎಲ್ಲ ಹೇಳಿದೆ.

ಅವನು ಅಚ್ಚನ್ನೂ ಕಲ್ಲನ್ನೂ ನೋಡಿದ. ಮುಖ ಸ್ವಲ್ಪ ಹೊತ್ತು ಕಪ್ಪಿಟ್ಟಿತು. ಆಮೇಲೆ ಸಾವರಿಸಿಕೊಂಡು, "ಇದು ಬೇರೆ ಯಾವುದೋ ಶಾಸನದ್ದಿರಬೇಕು ಮೇಡಮ್. ಕಲ್ಲು ಮೂಲ ಆಕರ. ಕಲ್ಲಿಗೂ ಕಾಗದಕ್ಕೂ ವ್ಯತ್ಯಾಸ ಬಂದರೆ ನಾವು ಕಲ್ಲನ್ನೇ ನಂಬಬೇಕು" ಎಂದ. ನಾನು ಅವನ ವಯಸ್ಸಿನಲ್ಲಿದ್ದಾಗ ಬರೆದ ಪರೀಕ್ಷೆಯ ಉತ್ತರ ಅದು. ಪೂರ್ತಿ ಅಂಕ ಬಂದಿತ್ತು.

ಏರಿಯ ಆ ತುದಿಯಲ್ಲಿ ಬೇವಿನ ಗಿಡದ ಕೆಳಗೆ ಯಲ್ಲವ್ವ ಕೂತಿದ್ದಳು. ಈ ವರ್ಷವೂ ಕೆರೆ ಕೋಡಿ ಬಿದ್ದು, ಆ ದಿನವೇ ಉಡಿ ತುಂಬುವುದಿತ್ತು, ಸನ್ಮಾನ ಮುಗಿದ ಮೇಲೆ. ಹೆಗಲು ಕುಗ್ಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಪಕ್ಕದಲ್ಲಿ ಅದೇ ಉಡಿಯ ಪುಟ್ಟಿ. ಕೊನೆಯ ಸರದಿಗಾಗಿ ಬೆಳಿಗ್ಗೆಯಿಂದ ಕಾದಿದ್ದಳು. ಹೋಗಿ ಎದುರು ಕುಕ್ಕರಗಾಲಲ್ಲಿ ಕೂತು ನಾನು ಯಾರೆಂದು ಹೇಳಿದೆ. ಕಾಗದವನ್ನು ಅವಳ ತೊಡೆಯ ಮೇಲೆ ಬೋರಲು ಹಾಸಿ, ಅವಳ ಬೆರಳು ಹಿಡಿದು ನಾಲ್ಕನೆಯ ಸಾಲಿನ ಉಬ್ಬಿನ ಮೇಲೆ ಒಂದೊಂದೇ ಅಕ್ಷರ ದಾಟಿಸಿದೆ.

"ಸೋವಬ್ಬೆ. ಕೆರಿ ಕಟ್ಟಿಸಿದಾಕಿ. ನಿಮ್ಮ ಮನಿ ಹೆಣ್ಮಗಳು."

ಅವಳು ಆ ಸಾಲಿನ ಮೇಲೆ ಇನ್ನೊಮ್ಮೆ ತಾನೇ ಬೆರಳಾಡಿಸಿದಳು.

"ಅವತ್ತ ಗೊತ್ತಿತ್ತೇನ ನಿನಗ?"

"ಗೊತ್ತಿತ್ತು ಯವ್ವಾ."

"ನಿನಗ ಓದಾಕ ಬಂದಿಲ್ಲ ಪಾಪ ಅಂತ ತಿಳಕೊಂಡಿದ್ದೆ ನಾನು" ಎಂದಳು. "ದೊಡ್ಡೋರು ಏನೋ ಓದಿದ್ರು, ಈ ಹುಡುಗಿ ದಡ್ಡಿ, ಹೂಂ ಅಂತು, ಆಕೀದೇನ್ ತಪ್ಪು ಅಂತ. ಇಷ್ಟು ವರ್ಷ ನಿನ್ನ ಮ್ಯಾಲ ಮರುಕ ಪಟ್ಟೀನಿ. ಥೂ."

ಉಗುಳಲಿಲ್ಲ. ಬರಿಯ ಥೂ. ಸರ್ ಮೇಲೆ, ಗೌಡರ ಮೇಲೆ, ಊರ ಮೇಲೆ ನಾನು ಕೂಡಿಟ್ಟುಕೊಂಡಿದ್ದ ತಿರಸ್ಕಾರವೆಲ್ಲ ಒಂದೇ ಅಕ್ಷರದಲ್ಲಿ ನನ್ನ ಮುಖಕ್ಕೆ ಬಂತು, ಮತ್ತು ಅದು ನನಗೇ ಸಲ್ಲಬೇಕಾಗಿದ್ದದ್ದು.

"ಮೈಕಿನಾಗ ಹೇಳತೀಯೇನ ಇದನ್ನ?" ಎಂದು ಕೇಳಿದಳು.

"ಹೇಳತೀನಿ."

"ಕಾಗದ ಇಲ್ಲೇ ಇಡು. ಹೋಗು."

ವೇದಿಕೆಯಿಂದ ನನ್ನ ಹೆಸರು ಕೂಗಿದರು, ಇನಿಶಿಯಲ್ ತಪ್ಪಾಗಿ. ಹೋಗಿ ಮೈಕು ಹಿಡಿದೆ. ಸುತ್ತಿ ಬಳಸಿ ಹೇಳಲಿಲ್ಲ. "ಈ ಕಲ್ಲಿನ ನಾಲ್ಕನೆಯ ಸಾಲು ಸುಳ್ಳು. ಅದನ್ನು ಬರೆದವಳು ನಾನು, ಸೀಮೆಸುಣ್ಣದಲ್ಲಿ. ಇಲ್ಲಿದ್ದದ್ದು ತೂಬಿನವರ ಮನೆಯ ಸೋವಬ್ಬೆಯ ಹೆಸರು. ಮೊದಲ ಉಡಿ ಆ ಮನೆಯದು" ಎಂದೆ. ಗೌಡರ ಮಗ ನಿರೂಪಕನ ಕಡೆ ನೋಡಿದ. ನಿರೂಪಕ ನನ್ನ ಕೈಯಿಂದ ಮೈಕು ತೆಗೆದುಕೊಂಡು, "ನೋಡ್ರಿ, ನಮ್ಮೂರ ಶಾಸನದ ಅಕ್ಷರಾನ ತಮ್ಮ ಸ್ವಂತ ಕೈಯಿಂದ ಬರದಂಥ ಮಹಾನುಭಾವ್ರು ಇವ್ರು! ಜೋರಾಗಿ ಚಪ್ಪಾಳಿ ಬರಲಿ!" ಎಂದ. ಬಂತು. ಇಡೀ ಪೆಂಡಾಲು ಚಪ್ಪಾಳೆ ತಟ್ಟಿತು. ಅಯ್ಯೋ ಮೂರ್ಖ ಜನವೇ ಎಂದು ಕೂಗಬೇಕೆನ್ನುವಷ್ಟರಲ್ಲಿ ನಾಲ್ಕು ಜನ ಸೇರಿ ಶಾಲು ಹೊದಿಸಿ, ಪೇಟ ಒತ್ತಿ, ಫೋಟೋದವನ ಕಡೆ ನನ್ನ ಗದ್ದ ತಿರುಗಿಸಿದರು. ಮುಂದಿನ ಸಾಲಿನಲ್ಲಿ ಗೌಡರ ಸೊಸೆ ಉಡಿಯ ಬೆಳ್ಳಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅವಳೂ ಚಪ್ಪಾಳೆ ತಟ್ಟುತ್ತಿದ್ದಳು.

ಪೇಟ ಕಣ್ಣಿನ ಮೇಲೆ ಜಾರಿತ್ತು. ಅದರ ಅಂಚಿನಿಂದ ಕೆರೆ ಕಂಡಿತು. ಜನವೆಲ್ಲ ಇತ್ತ ಮುಖ ಮಾಡಿ ಚಪ್ಪಾಳೆ ತಟ್ಟುತ್ತಿರುವಾಗ ಯಲ್ಲವ್ವ ಪುಟ್ಟಿ ಹೊತ್ತು, ಗೋಡೆ ಹಿಡಿದು ಹಿಡಿದು ತೂಬಿನ ಮೆಟ್ಟಿಲು ಇಳಿಯುತ್ತಿದ್ದಳು. ಯಾರನ್ನೂ ಕೇಳಲಿಲ್ಲ. ಮೊಣಕಾಲಷ್ಟು ನೀರಿನಲ್ಲಿ ನಿಂತು ನನ್ನ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಅದರ ಮೇಲೆ ಅಕ್ಕಿ ಸುರಿದು, ಖಣ ಇಟ್ಟು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಇಟ್ಟು ನೀರಿಗೆ ಬಿಟ್ಟಳು. ಆ ವರ್ಷದ ಮೊದಲ ಉಡಿ. ಕಾಗದ ಸ್ವಲ್ಪ ದೂರ ತೇಲಿ ನೆನೆದು ಮುಳುಗಿತು. ಜಗತ್ತಿನಲ್ಲಿ ಉಳಿದಿದ್ದ ಒಂದೇ ಪುರಾವೆ ಅದು. ಶಾಲಿನೊಳಗೆ ನನ್ನ ಎರಡೂ ಕೈ ಸಿಕ್ಕಿಕೊಂಡಿದ್ದವು.

ಕೈಮುಗಿದು, ನೀರು ತಲೆಗೆ ಹಚ್ಚಿಕೊಂಡು ಅವಳು ಮೇಲೆ ಬಂದಳು. ಖಾಲಿ ಪುಟ್ಟಿ ಹಿಡಿದು ಕಲ್ಲಿನ ಮುಂದೆಯೇ ಹಾದು ಮನೆಯ ದಾರಿ ಹಿಡಿದಳು. ಕಲ್ಲಿನ ಕಡೆ ತಿರುಗಲಿಲ್ಲ. ನನ್ನ ಕಡೆಯೂ ತಿರುಗಲಿಲ್ಲ.